ಮೊದಲ ಸಂಬಳದ ಚೀಟಿ: ಹಿಡಿದ ಹಣ ಯಾರ ಹೆಸರಿನಲ್ಲಿದೆ?

2025ರ ಸಂಕ್ರಾಂತಿಗೆ ಚಿಂತಾಮಣಿ ಪಕ್ಕದ ನಮ್ಮೂರಿಗೆ ಹೋಗಿದ್ದೆ. ದೊಡ್ಡಪ್ಪನ ಮಗ, ನನಗೆ ಅಣ್ಣನಾಗಬೇಕು, ಟೊಮೆಟೊ ಬೆಳೆಯುತ್ತಾನೆ. ಅವನ ಮಗ ಹಿಂದಿನ ಆಗಸ್ಟ್‌ನಲ್ಲಿ ಬೆಂಗಳೂರಿನ ಒಂದು ಕಂಪನಿಗೆ ಸೇರಿದ್ದ. ತಿಂಗಳಿಗೆ 40 ಸಾವಿರ ಎಂದು ಮಾತಾಗಿತ್ತು, ಕೈಗೆ ಬರುತ್ತಿದ್ದದ್ದು 36 ಸಾವಿರ. ಹುಡುಗ ಮೊಬೈಲಿನಲ್ಲಿ ಸಂಬಳದ ಚೀಟಿ ತೆಗೆದು ತೋರಿಸಿದ. ಅಣ್ಣ ಕನ್ನಡಕ ಹಾಕಿಕೊಂಡು, ಮಂಡಿಯ ಲೆಕ್ಕ ನೋಡುವಂತೆ, ಮೇಲಿನಿಂದ ಕೆಳಕ್ಕೆ ಬೆರಳಿಟ್ಟು ಓದಿದ. ಒಟ್ಟು 40,000. ಟಿಡಿಎಸ್ 4,000. ನಿವ್ವಳ 36,000. ಬೇರೇನೂ ಇರಲಿಲ್ಲ.

"ನಾಲ್ಕು ಸಾವಿರ ಹಿಡ್ಕೊಂಡವ್ರಲ್ಲ, ರಸೀದಿ ಕೊಟ್ಟವ್ರೇನಪ್ಪ?" ಎಂದು ಕೇಳಿದ.

"ರಸೀದಿ ಎಲ್ಲಾ ಇರಲ್ಲಪ್ಪ, ಅದು ಟ್ಯಾಕ್ಸು. ಗೌರ್ಮೆಂಟಿಗೆ ಹೋಗುತ್ತೆ."

"ಯಾರ ಹೆಸರಲ್ಲಿ ಹೋಗುತ್ತೆ?"

ಹುಡುಗನಿಗೆ ಉತ್ತರ ಗೊತ್ತಿರಲಿಲ್ಲ. ನನ್ನ ಕಡೆ ನೋಡಿದ. ಆ ಪ್ರಶ್ನೆಯನ್ನು ಅಣ್ಣ ಯಾಕೆ ಕೇಳಿದ ಎಂದು ನನಗೆ ಗೊತ್ತಿತ್ತು. ನಮ್ಮ ಕಡೆಯ ರೈತರಿಗೆ ಬಿಳಿ ಚೀಟಿ ಎಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ. ಮಾರುಕಟ್ಟೆ ಸಮಿತಿಯ ಅಧಿಕೃತ ಬಿಲ್ಲಿನ ಬದಲು ಬರಿ ಹಾಳೆಯಲ್ಲಿ ಲೆಕ್ಕ ಬರೆದು ಕೊಡುವ ಪದ್ಧತಿ ಅದು. ರೈತನಿಂದ ಕಮಿಷನ್ ಹಿಡಿಯಬಾರದೆಂದು ನಿಯಮವಿದ್ದರೂ ಹಿಡಿದಿರುತ್ತಾರೆ, ಹಿಡಿದದ್ದಕ್ಕೆ ಎಲ್ಲೂ ಸಾಕ್ಷಿ ಇರುವುದಿಲ್ಲ. ಅಂಥ ಚೀಟಿಗಳನ್ನು ನೋಡಿ ನೋಡಿ ಪಳಗಿದವನು ಮಗನ ಸಂಬಳದ ಚೀಟಿಗೂ ಅದೇ ಪ್ರಶ್ನೆ ಹಾಕಿದ್ದ. ಹೊಸದಾಗಿ ಕೆಲಸಕ್ಕೆ ಸೇರಿದವರು ತೆರಿಗೆ ಕಡಿತದ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ ಅದೇ ಎಂದು ನನಗೆ ಅಂದಿನಿಂದ ಗಟ್ಟಿಯಾಗಿದೆ.

ಚಿಕ್ಕಬಳ್ಳಾಪುರದಿಂದ ದೇವನಹಳ್ಳಿ, ಯಲಹಂಕದ ಕಡೆಗೆ, ಗೌರಿಬಿದನೂರಿನಿಂದ ದೊಡ್ಡಬಳ್ಳಾಪುರ ದಾಟಿ ಬೆಂಗಳೂರಿಗೆ, ಶಿಡ್ಲಘಟ್ಟ, ಚಿಂತಾಮಣಿಯಿಂದ ಬಸ್ಸು ಹಿಡಿದು ನಿತ್ಯ ಕೆಲಸಕ್ಕೆ ಹೋಗಿಬರುವವರಲ್ಲಿ ಎಷ್ಟೋ ಮಂದಿ ತಮ್ಮ ಮನೆಯ ಮೊದಲ ಸಂಬಳದಾರರು. ಅಪ್ಪ ಅಮ್ಮನಿಗೆ ಬೆಳೆ ಸಾಲ ಗೊತ್ತು, ರೇಷ್ಮೆ ಗೂಡಿನ ಹರಾಜು ಗೊತ್ತು, ಚೀಟಿ ವ್ಯವಹಾರ ಗೊತ್ತು. ಫಾರಂ 16 ಎಂದರೇನೆಂದು ಹೇಳಿಕೊಡುವ ಹಿರಿಯರು ಮನೆಯಲ್ಲಿಲ್ಲ. ಹಾಗಾಗಿ ಸಂಬಳದಲ್ಲಿ ಏನು ಕಡಿಮೆಯಾದರೂ ಎಲ್ಲಕ್ಕೂ ಒಂದೇ ಮಾತು: "ಟ್ಯಾಕ್ಸ್ ಹಿಡಿದರು."

ನಿಜದಲ್ಲಿ ಅಲ್ಲಿ ನಾಲ್ಕು ಬೇರೆ ಬೇರೆ ಕಡಿತಗಳಿರಬಹುದು. ಗೌರಿಬಿದನೂರಿನ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವ ಹೆಣ್ಣುಮಗಳ ಚೀಟಿಯಲ್ಲಿ ಕಾಣುವುದು ಸಾಮಾನ್ಯವಾಗಿ ಪಿಎಫ್ ಮತ್ತು ಇಎಸ್‌ಐ. ಪಿಎಫ್ ಎಂದರೆ ಮೂಲ ವೇತನದ ಶೇ 12, ಅದು ಆಕೆಯ ಸ್ವಂತ ಉಳಿತಾಯ, ಮಾಲೀಕರೂ ತಮ್ಮ ಪಾಲು ಹಾಕುತ್ತಾರೆ. ತಿಂಗಳ ವೇತನ 21,000 ರೂಪಾಯಿ ಮೀರದವರಿಗೆ ಇಎಸ್‌ಐ ಎಂಬ ವಿಮೆ, ನೌಕರರ ಪಾಲು ಶೇ 0.75. ಇವೆರಡೂ ತೆರಿಗೆಯಲ್ಲ. ಮೂರನೆಯದು ವೃತ್ತಿ ತೆರಿಗೆ, ಇದು ರಾಜ್ಯ ಸರ್ಕಾರದ್ದು. ಕರ್ನಾಟಕದಲ್ಲಿ ತಿಂಗಳಿಗೆ 25,000 ರೂಪಾಯಿ ಮತ್ತು ಅದಕ್ಕಿಂತ ಹೆಚ್ಚು ಸಂಬಳವಿದ್ದರೆ 200 ರೂಪಾಯಿ. 2025ರ ಏಪ್ರಿಲ್‌ನಿಂದ ಫೆಬ್ರುವರಿ ತಿಂಗಳಲ್ಲಿ ಮಾತ್ರ 300. ಫೆಬ್ರುವರಿಯ ಚೀಟಿ ನೋಡಿ ನೂರು ರೂಪಾಯಿ ಜಾಸ್ತಿ ಹಿಡಿದರೆಂದು ಗಾಬರಿಯಾಗಬೇಕಿಲ್ಲ. ವೃತ್ತಿ ತೆರಿಗೆ ವರ್ಷಕ್ಕೆ 2,500 ದಾಟಬಾರದೆಂದು ಸಂವಿಧಾನವೇ ಮಿತಿ ಹಾಕಿದೆ. ಹನ್ನೊಂದು ತಿಂಗಳು 200, ಒಂದು ತಿಂಗಳು 300 ಎಂದರೆ ಸರಿಯಾಗಿ ಆ ಮಿತಿಗೆ ಮುಟ್ಟುತ್ತದೆ.

ನಾಲ್ಕನೆಯದೇ ಟಿಡಿಎಸ್, ಆದಾಯ ತೆರಿಗೆಯ ಮುಂಗಡ ಕಡಿತ. ಇದು ಹೊಸ ಪದ್ಧತಿಯಲ್ಲ. ಭಾರತಕ್ಕೆ ಆದಾಯ ತೆರಿಗೆ ತಂದದ್ದು 1860ರಲ್ಲಿ ಜೇಮ್ಸ್ ವಿಲ್ಸನ್, 1857ರ ದಂಗೆಯಿಂದ ಬರಿದಾದ ಬೊಕ್ಕಸ ತುಂಬಿಸಲು. ಸಂಬಳ ಕೊಡುವವರೇ ತೆರಿಗೆ ಹಿಡಿದು ಕಟ್ಟಬೇಕೆಂಬ ವಿಧಿ 1922ರ ಕಾಯ್ದೆಯ 18ನೇ ಸೆಕ್ಷನ್‌ನಲ್ಲೇ ಇತ್ತು. ಆಗ ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ ತಾಲ್ಲೂಕುಗಳೆಲ್ಲ ಮೈಸೂರು ಸಂಸ್ಥಾನದ ಕೋಲಾರ ಜಿಲ್ಲೆಯಲ್ಲಿದ್ದವು. ಸಂಸ್ಥಾನಕ್ಕೆ ತನ್ನದೇ 1923ರ ಆದಾಯ ತೆರಿಗೆ ಕಾಯ್ದೆಯಿತ್ತು. 1950ರ ಏಪ್ರಿಲ್‌ನಿಂದ ಭಾರತದ ಕಾಯ್ದೆ ಇಲ್ಲಿಗೂ ಅನ್ವಯವಾಯಿತು. ಮುಂದೆ 1961ರ ಕಾಯ್ದೆಯ 192ನೇ ಸೆಕ್ಷನ್ ಸಂಬಳದ ಕಡಿತಕ್ಕೆ ಆಧಾರವಾಯಿತು. 2026ರ ಏಪ್ರಿಲ್ 1ರಿಂದ ಅದರ ಜಾಗಕ್ಕೆ 2025ರ ಆದಾಯ ತೆರಿಗೆ ಕಾಯ್ದೆ ಬಂದಿದೆ. ಸೆಕ್ಷನ್ನುಗಳ ಸಂಖ್ಯೆ ಬದಲಾದರೂ ಕಡಿತದ ಕ್ರಮ ಅದೇ. ಕಚೇರಿಗಳಲ್ಲಿ ಜನರ ಬಾಯಲ್ಲಿ ಹಳೆಯ ಹೆಸರುಗಳೇ ಇರುವುದರಿಂದ ನಾನೂ ಅವನ್ನೇ ಬಳಸುತ್ತಿದ್ದೇನೆ.

ಕ್ರಮ ಎಂದರೆ ಇಷ್ಟು: ಏಪ್ರಿಲ್‌ನಿಂದ ಮಾರ್ಚ್‌ವರೆಗೆ ನಿಮಗೆ ಒಟ್ಟು ಎಷ್ಟು ಸಂಬಳ ಬರಬಹುದು ಎಂದು ಕಂಪನಿಯ ಲೆಕ್ಕದವರು ಅಂದಾಜು ಮಾಡುತ್ತಾರೆ. ಅದರ ಮೇಲಿನ ವರ್ಷದ ತೆರಿಗೆಯನ್ನು ಉಳಿದ ತಿಂಗಳುಗಳಿಗೆ ಹಂಚಿ ಹಿಡಿಯುತ್ತಾರೆ. ಇದು ಅಂದಾಜು ಎಂಬುದನ್ನು ಮರೆಯಬಾರದು. ಮಳೆ ನೋಡಿ ಬೆಳೆ ಅಂದಾಜು ಮಾಡಿದಂತೆ, ಕಂಪನಿಯು ತನಗೆ ಗೊತ್ತಿರುವಷ್ಟನ್ನೇ ಹಿಡಿದು ಲೆಕ್ಕ ಹಾಕುತ್ತದೆ. ಅದಕ್ಕೆ ಗೊತ್ತಿಲ್ಲದ ಸಂಗತಿ ನಿಮ್ಮಲ್ಲಿದ್ದರೆ, ಅದನ್ನು ನೀವು ಹೇಳದಿದ್ದರೆ, ಲೆಕ್ಕ ತಪ್ಪುತ್ತದೆ.

ಆದಾಯ ತೆರಿಗೆ ಲೆಕ್ಕಕ್ಕೆ ಹಳೆಯದು, ಹೊಸದು ಎಂದು ಎರಡು ಪದ್ಧತಿಗಳಿವೆ. 2025-26ರ ಹೊಸ ಪದ್ಧತಿಯ ದರ ಹೀಗಿದೆ: ಮೊದಲ 4 ಲಕ್ಷಕ್ಕೆ ತೆರಿಗೆಯಿಲ್ಲ. 4ರಿಂದ 8 ಲಕ್ಷದವರೆಗೆ ಶೇ 5, 8ರಿಂದ 12ಕ್ಕೆ ಶೇ 10, 12ರಿಂದ 16ಕ್ಕೆ ಶೇ 15, ಹೀಗೆ ಏರುತ್ತ 24 ಲಕ್ಷದ ಮೇಲೆ ಶೇ 30. ಆದರೆ ತೆರಿಗೆಗೆ ಒಳಪಡುವ ಆದಾಯ 12 ಲಕ್ಷದೊಳಗಿದ್ದರೆ 60,000ದವರೆಗೆ ರಿಯಾಯಿತಿ ಸಿಕ್ಕಿ ತೆರಿಗೆ ಪೂರ್ತಿ ಸೊನ್ನೆಯಾಗುತ್ತದೆ. ಸಂಬಳದಾರರಿಗೆ 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಇರುವುದರಿಂದ ವರ್ಷದ ಸಂಬಳ 12,75,000ದವರೆಗೆ ತೆರಿಗೆಯಿಲ್ಲ. ಅಂದರೆ ನಮ್ಮ ಜಿಲ್ಲೆಯಿಂದ ಮೊದಲ ಕೆಲಸಕ್ಕೆ ಹೋಗುವ ಬಹುಪಾಲು ಹುಡುಗ ಹುಡುಗಿಯರ ಸಂಬಳದಲ್ಲಿ ಆದಾಯ ತೆರಿಗೆ ಹಿಡಿಯಬೇಕಾಗಿಯೇ ಇಲ್ಲ.

ಹಾಗಾದರೆ ನಮ್ಮ ಹುಡುಗನಿಗೆ ತಿಂಗಳಿಗೆ 4,000 ಹಿಡಿದದ್ದು ಹೇಗೆ? ಅವನ ನೇಮಕದ ಪತ್ರ ತರಿಸಿ ಓದಿದೆ. ಅದರಲ್ಲಿ ಎಲ್ಲೂ "ನೌಕರ" ಎಂಬ ಪದವಿರಲಿಲ್ಲ. "ಕನ್ಸಲ್ಟೆಂಟ್" ಎಂದಿತ್ತು. ಅವನು ದಿನವೂ ಒಂಬತ್ತಕ್ಕೆ ಹೋಗಿ ಹಾಜರಿ ಹಾಕುತ್ತಾನೆ, ರಜೆಗೆ ಅನುಮತಿ ಕೇಳುತ್ತಾನೆ, ಆದರೆ ಕಾಗದದಲ್ಲಿ ಅವನಿಗೆ ಕೊಡುವುದು ಸಂಬಳವಲ್ಲ, ವೃತ್ತಿಪರ ಶುಲ್ಕ. ಸಂಬಳವಾದರೆ 192ನೇ ಸೆಕ್ಷನ್ ಪ್ರಕಾರ ವರ್ಷದ ಅಂದಾಜು ಹಾಕಿ, ತೆರಿಗೆ ಬರುವುದಿದ್ದರೆ ಮಾತ್ರ ಹಿಡಿಯಬೇಕು. ಶುಲ್ಕವಾದರೆ 194ಜೆ. ಅಲ್ಲಿ ಅಂದಾಜಿನ ಮಾತಿಲ್ಲ, ಸೀದಾ ಶೇ 10. ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ಸ್ಟ್ಯಾಂಡರ್ಡ್ ಡಿಡಕ್ಷನ್ ಇಲ್ಲ, ತೆರಿಗೆ ಹಿಡಿದದ್ದಕ್ಕೆ ಕೊಡುವ ಪ್ರಮಾಣಪತ್ರವೂ ಫಾರಂ 16ರ ಬದಲು 16ಎ. ಪಿಎಫ್ ಇಲ್ಲದಿರುವುದನ್ನು ಹುಡುಗ "ಕೈಗೆ ಜಾಸ್ತಿ ಬರುತ್ತೆ ಚಿಕ್ಕಪ್ಪ" ಎಂದು ಲಾಭವಾಗಿ ಎಣಿಸಿದ್ದ. ಇದು ನನಗೆ ತುಂಬ ನೋವು ಕೊಡುವ ವಿಷಯ. ನೌಕರನಂತೆ ದುಡಿಸಿಕೊಂಡು ಕಾಗದದಲ್ಲಿ ಮಾತ್ರ ಹೊರಗಿನವನೆಂದು ಬರೆದುಕೊಂಡರೆ, ಕಳೆದುಕೊಳ್ಳುವವನು ಹುಡುಗನೇ. ಕೆಲಸಕ್ಕೆ ಸೇರುವ ಮುನ್ನ, ಸಂಬಳ ಎಷ್ಟು ಎಂದು ಕೇಳುವ ಮೊದಲೇ, "ನಾನು ನಿಮ್ಮ ನೌಕರನೋ, ಗುತ್ತಿಗೆಯವನೋ?" ಎಂದು ಕೇಳಿಕೊಳ್ಳಬೇಕು.

ಅಂದು ಸಂಜೆ ಅವನ ಪ್ಯಾನ್ ನಂಬರಿನಿಂದ ಆದಾಯ ತೆರಿಗೆಯ ಪೋರ್ಟಲ್‌ನಲ್ಲಿ ಖಾತೆ ತೆರೆಸಿ 26ಎಎಸ್ ತೆಗೆದೆವು. ಯಾರು ನಿಮ್ಮ ಹೆಸರಿನಲ್ಲಿ ಎಷ್ಟು ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟಿದ್ದಾರೆ ಎಂದು ತೋರಿಸುವ ಲೆಕ್ಕದ ಹಾಳೆ ಅದು. ಅಣ್ಣ ಕೇಳಿದ ರಸೀದಿ ಇದೇ. ಕಂಪನಿಯ ಹೆಸರು, ಅದರ ಟ್ಯಾನ್ ನಂಬರು, ತಾರೀಕು, ಮೊತ್ತ ಎಲ್ಲ ಇತ್ತು. ಆದರೆ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಐದು ತಿಂಗಳಿಗೆ 20,000 ಹಿಡಿದಿದ್ದರೆ ಅಲ್ಲಿ ಕಂಡದ್ದು 8,000 ಮಾತ್ರ.

"ನೋಡ್ದಾ, ಹನ್ನೆರಡು ಸಾವಿರ ನುಂಗವ್ರೆ," ಎಂದ ಅಣ್ಣ.

ಅವಸರಪಡಬಾರದೆಂದು ಹೇಳಿದೆ. ಕಂಪನಿ ಹಿಡಿದ ತೆರಿಗೆಯನ್ನು ಮುಂದಿನ ತಿಂಗಳ 7ನೇ ತಾರೀಕಿನೊಳಗೆ ಕಟ್ಟಬೇಕು. ಆದರೆ ಯಾರ ಹೆಸರಿಗೆ ಎಷ್ಟು ಎಂಬ ವಿವರವನ್ನು ಮೂರು ತಿಂಗಳಿಗೊಮ್ಮೆ ಸಲ್ಲಿಸುತ್ತದೆ. ಜುಲೈನಿಂದ ಸೆಪ್ಟೆಂಬರ್‌ವರೆಗಿನ ವಿವರಕ್ಕೆ ಅಕ್ಟೋಬರ್ 31 ಗಡುವು, ಅಕ್ಟೋಬರ್‌ನಿಂದ ಡಿಸೆಂಬರ್‌ಗೆ ಜನವರಿ 31. ನಾವು ನೋಡಿದ್ದು ಜನವರಿಯ ಮಧ್ಯದಲ್ಲಿ. ಆಗಸ್ಟ್, ಸೆಪ್ಟೆಂಬರಿನ ನಾಲ್ಕು ನಾಲ್ಕು ಸಾವಿರ ಮಾತ್ರ ಏರಿತ್ತು. ಫೆಬ್ರುವರಿಯಲ್ಲಿ ಹುಡುಗ ಫೋನ್ ಮಾಡಿ ಉಳಿದ 12,000 ಬಂದಿದೆ ಎಂದ. ಬರದೇ ಹೋಗಿದ್ದರೆ ಕಂಪನಿಯ ಲೆಕ್ಕದ ವಿಭಾಗಕ್ಕೆ ಬರೆದು ಕೇಳಬೇಕಿತ್ತು. ಕಾನೂನು ನೌಕರನ ಪರವಾಗಿದೆ. ಸಂಬಳದಿಂದ ತೆರಿಗೆ ಹಿಡಿದ ಮೇಲೆ ಕಂಪನಿ ಅದನ್ನು ಕಟ್ಟದಿದ್ದರೂ ಅದೇ ಹಣವನ್ನು ಇಲಾಖೆ ನೌಕರನಿಂದ ಮತ್ತೆ ವಸೂಲು ಮಾಡುವಂತಿಲ್ಲ ಎಂದು 1961ರ ಕಾಯ್ದೆಯ 205ನೇ ಸೆಕ್ಷನ್ ಹೇಳಿತ್ತು. ಆದರೆ ಆ ರಕ್ಷಣೆ ಬೇಕೆಂದರೆ, ಹಿಡಿದಿದ್ದಾರೆ ಎಂಬುದಕ್ಕೆ ಸಂಬಳದ ಚೀಟಿ, ಬ್ಯಾಂಕಿನ ಪಾಸ್‌ಬುಕ್ಕು ಕೈಯಲ್ಲಿರಬೇಕು. ತಿಂಗಳ ಚೀಟಿಯನ್ನು ಕಂಪನಿಯ ಜಾಲತಾಣದಲ್ಲೇ ಬಿಟ್ಟು, ಕೆಲಸ ಬಿಟ್ಟ ಮೇಲೆ ಅಲ್ಲಿಗೆ ಪ್ರವೇಶವೇ ಸಿಗದೆ ಒದ್ದಾಡಿದವರನ್ನು ನಾನು ನೋಡಿದ್ದೇನೆ. ಬಂದ ದಿನವೇ ಇಳಿಸಿಟ್ಟುಕೊಳ್ಳಿ.

ಇನ್ನೊಂದು ಬಗೆಯ ತೊಂದರೆ ಇದಕ್ಕೆ ತದ್ವಿರುದ್ಧ. ಅಲ್ಲಿ ಏನೂ ಹಿಡಿಯದೇ ಇರುವುದೇ ಕಷ್ಟ ತರುತ್ತದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಎರಡನೇ ಕೆಲಸಕ್ಕೆ ಸೇರುವವರಲ್ಲಿ ತಿಳಿದವರೂ ಇಲ್ಲಿ ಎಡವುತ್ತಾರೆ. ಚಿಕ್ಕಬಳ್ಳಾಪುರದ ಒಬ್ಬ ಹೆಣ್ಣುಮಗಳು ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಕಂಪನಿಯಲ್ಲಿ ತಿಂಗಳಿಗೆ 95,000ಕ್ಕೆ ದುಡಿದಳು ಎಂದಿಟ್ಟುಕೊಳ್ಳಿ. ವರ್ಷಕ್ಕೆ 11,40,000 ಆಗುತ್ತದೆಂದು ಆ ಕಂಪನಿ ಲೆಕ್ಕ ಹಾಕಿತು. 12.75 ಲಕ್ಷದೊಳಗಿದೆ, ತೆರಿಗೆ ಹಿಡಿಯಲಿಲ್ಲ. ಅಕ್ಟೋಬರ್‌ನಲ್ಲಿ 1,30,000ದ ಹೊಸ ಕೆಲಸ ಸಿಕ್ಕಿತು. ಹೊಸ ಕಂಪನಿಯ ಕಣ್ಣಿಗೆ ಕಾಣುವುದು ಮಾರ್ಚ್‌ವರೆಗಿನ ಆರು ತಿಂಗಳು, 7,80,000. ಅದೂ ಮಿತಿಯೊಳಗೇ ಇದೆ. ಅದೂ ಹಿಡಿಯಲಿಲ್ಲ. ಎರಡು ಕಡೆಯೂ ತಪ್ಪಿಲ್ಲ. ಆದರೆ ಇಬ್ಬರೂ ಅದೇ 75,000ವನ್ನು, ಅದೇ ಮೊದಲ 4 ಲಕ್ಷವನ್ನು, ಅದೇ ರಿಯಾಯಿತಿಯನ್ನು ಪ್ರತ್ಯೇಕವಾಗಿ ಕೊಟ್ಟುಬಿಟ್ಟಿದ್ದಾರೆ. ಕಾಯ್ದೆಯ ಪ್ರಕಾರ ಅವು ವರ್ಷಕ್ಕೆ ಒಂದೇ ಸಲ. ಆಕೆಗೆ ನಿಜವಾಗಿ ಬಂದದ್ದು 5,70,000 ಮತ್ತು 7,80,000, ಒಟ್ಟು 13,50,000. 75,000 ಕಳೆದರೆ 12,75,000. ಅದರ ಮೇಲೆ ತೆರಿಗೆ 71,250, ಶೇ 4ರ ಸೆಸ್ 2,850, ಒಟ್ಟು 74,100. ಅಷ್ಟೂ ಹಣವನ್ನು ಜುಲೈನಲ್ಲಿ ರಿಟರ್ನ್ ಹಾಕುವಾಗ ಒಟ್ಟಿಗೆ ಕಟ್ಟಬೇಕು. ಹಿಡಿದ ತೆರಿಗೆ ಕಳೆದು 10,000 ಅಥವಾ ಹೆಚ್ಚು ಬಾಕಿ ಉಳಿಯುವವರು ಮುಂಗಡ ತೆರಿಗೆ ಕಟ್ಟಬೇಕಿತ್ತಾದ್ದರಿಂದ ತಿಂಗಳಿಗೆ ಶೇ 1ರ ಬಡ್ಡಿ ಬೇರೆ.

ಇದನ್ನು ತಪ್ಪಿಸಲು ಇರುವುದೇ ಫಾರಂ 12ಬಿ. ಹಿಂದಿನ ಕಂಪನಿಯಲ್ಲಿ ಈ ವರ್ಷ ಎಷ್ಟು ಸಂಬಳ ಬಂತು, ಎಷ್ಟು ತೆರಿಗೆ, ಪಿಎಫ್ ಹಿಡಿದರು ಎಂದು ಬರೆದು ಹೊಸ ಕಂಪನಿಗೆ ಕೊಡುವ ಹಾಳೆ. ಕೊಟ್ಟರೆ ಹೊಸ ಕಂಪನಿ ಎರಡನ್ನೂ ಕೂಡಿಸಿ, ಆ 74,100ನ್ನು ಆರು ತಿಂಗಳಿಗೆ ಹಂಚಿ ತಿಂಗಳಿಗೆ 12,350ರಂತೆ ಹಿಡಿಯುತ್ತದೆ. ಕೊಡಲೇಬೇಕೆಂಬ ಕಡ್ಡಾಯವಿಲ್ಲ, ಕೊಡದಿದ್ದರೆ ಯಾರೂ ಬಂದು ಕೇಳುವುದಿಲ್ಲ. ಹಳೆಯ ಸಂಬಳ ಹೊಸ ಕಂಪನಿಗೆ ತಿಳಿಯುತ್ತದೆಂಬ ಮುಜುಗರದಿಂದ ಕೊಡದವರೂ ಇದ್ದಾರೆ. ಅಂಥವರು ಲೆಕ್ಕವನ್ನು ತಾವೇ ಹಾಕಿ ಮುಂಗಡ ತೆರಿಗೆ ಕಟ್ಟಿಬಿಟ್ಟರೆ ಸರಿಹೋಗುತ್ತದೆ.

ಇಂಗ್ಲೆಂಡಿನಲ್ಲಿ 1944ರಿಂದ ಸಂಬಳದಲ್ಲೇ ತೆರಿಗೆ ಹಿಡಿಯುವ ಪಿಎವೈಇ ಪದ್ಧತಿ ಇದೆ. ಅಲ್ಲಿ ಕೆಲಸ ಬಿಡುವವರಿಗೆ ಹಳೆಯ ಕಂಪನಿಯೇ ಪಿ45 ಎಂಬ ಕಾಗದ ಕೊಡಬೇಕು. ಅದನ್ನು ಹೊಸ ಕಡೆ ಕೊಟ್ಟರಾಯಿತು. ಅಮೆರಿಕದಲ್ಲಿ 1943ರಲ್ಲಿ, ಯುದ್ಧದ ಖರ್ಚಿನ ಕಾಲದಲ್ಲಿ, ಎಲ್ಲ ಸಂಬಳದಾರರಿಗೂ ಕಡಿತ ಬಂತು. ಅಲ್ಲಿ ಸೇರಿದ ದಿನ ನೌಕರ ಡಬ್ಲ್ಯೂ-4 ಎಂಬ ನಮೂನೆ ತುಂಬುತ್ತಾನೆ. ನಮ್ಮ ಊರುಗಳಿಂದ ಹೊರದೇಶಕ್ಕೆ ಹೋದ ಮಕ್ಕಳಿಗೆ ಇವು ಪರಿಚಿತ. ನಮ್ಮಲ್ಲಿ ಹಳೆಯ ಲೆಕ್ಕ ಹೊತ್ತುಕೊಂಡು ಹೋಗುವ ಜವಾಬ್ದಾರಿ ನೌಕರನದೇ, ಅದನ್ನು ಅವನಿಗೆ ಸೇರಿದ ದಿನವೇ ಹೇಳುವವರು ಕಡಿಮೆ.

ಸೇರಿದ ದಿನ ಕೇಳುವ ಇನ್ನೊಂದು ಪ್ರಶ್ನೆ, ಹಳೆಯ ಪದ್ಧತಿಯೋ ಹೊಸದೋ ಎಂಬುದು. ಏನೂ ಹೇಳದಿದ್ದರೆ ಹೊಸದೇ. ಅಪ್ಪ ಮಾಡಿಸಿದ ಎಲ್‌ಐಸಿ ಪಾಲಿಸಿ, ಬೆಂಗಳೂರಿನ ಮನೆ ಬಾಡಿಗೆ, ಇವುಗಳ ವಿನಾಯಿತಿ ಸಿಗುವುದು ಹಳೆಯದರಲ್ಲಿ ಮಾತ್ರ. ಮೊದಲ ಸಂಬಳದವರಿಗೆ ಸಾಮಾನ್ಯವಾಗಿ ಹೊಸದೇ ಲಾಭ. ಹಳೆಯದನ್ನು ಆರಿಸಿಕೊಂಡವರು 12ಬಿಬಿ ನಮೂನೆಯ ಜೊತೆ ಬಾಡಿಗೆ ರಸೀದಿ, ಪಾಲಿಸಿ ಪ್ರತಿಗಳನ್ನು ಕಂಪನಿ ಹೇಳಿದ ದಿನದೊಳಗೆ ಕೊಡಬೇಕು. ಕೊಡದಿದ್ದರೆ ಫೆಬ್ರುವರಿ, ಮಾರ್ಚ್‌ನ ಸಂಬಳದಲ್ಲಿ ವರ್ಷದ ತೆರಿಗೆಯೆಲ್ಲ ಒಟ್ಟಿಗೆ ಹಿಡಿಯುತ್ತಾರೆ. ರಿಟರ್ನ್ ಹಾಕುವಾಗ ಪದ್ಧತಿ ಬದಲಿಸುವ ಅವಕಾಶ ಸಂಬಳದಾರರಿಗೆ ಇದೆ, ಗಡುವಿನೊಳಗೆ ಹಾಕಿದರೆ ಮಾತ್ರ.

ನಮ್ಮ ಕಡೆ ಹೆಚ್ಚು ಕಾಡುವುದು ಹೆಸರು. ಶಾಲೆಯ ದಾಖಲೆಯಲ್ಲಿ ಊರಿನ ಮೊದಲಕ್ಷರ, ಅಪ್ಪನ ಮೊದಲಕ್ಷರ, ಆಮೇಲೆ ಹೆಸರು. ಆಧಾರ್‌ನಲ್ಲಿ ಮೊದಲಕ್ಷರ ಹೆಸರಿನ ಹಿಂದೆ ಹೋಗಿರುತ್ತದೆ. ಪ್ಯಾನ್ ಅರ್ಜಿಯಲ್ಲಿ ಬರಿ ಮೊದಲಕ್ಷರ ಒಪ್ಪುವುದಿಲ್ಲವಾದ್ದರಿಂದ ಸೈಬರ್ ಸೆಂಟರಿನವರು ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಪೂರ್ತಿ ತುಂಬಿರುತ್ತಾರೆ. ಬ್ಯಾಂಕಿನಲ್ಲಿ ಮತ್ತೊಂದು ರೂಪ. ನೋಡುವವರಿಗೆ ಒಬ್ಬನೇ ಮನುಷ್ಯ, ಕಂಪ್ಯೂಟರಿಗೆ ನಾಲ್ವರು. ಪ್ಯಾನ್ ಮತ್ತು ಆಧಾರ್ ಜೋಡಣೆಯಾಗದೆ 2023ರ ಜುಲೈ 1ರಿಂದ ನಿಷ್ಕ್ರಿಯವಾದ ಪ್ಯಾನ್‌ಗಳಿವೆ. ಅಂಥವರಿಗೆ ಪ್ಯಾನ್ ಇಲ್ಲ ಎಂದೇ ಲೆಕ್ಕ, ತೆರಿಗೆ ಬರುವ ಸಂಬಳವಾದರೆ ಕನಿಷ್ಠ ಶೇ 20 ಹಿಡಿಯಬೇಕಾಗುತ್ತದೆ. ಬ್ಯಾಂಕಿನ ಹೆಸರು ಹೊಂದದಿದ್ದರೆ ವಾಪಸ್ ಬರಬೇಕಾದ ಹಣ ನಿಲ್ಲುತ್ತದೆ. ನೇಮಕದ ಪತ್ರ ಕೈಗೆ ಬಂದ ದಿನ ಮೊದಲು ಮಾಡಬೇಕಾದ ಕೆಲಸ, ಆಧಾರ್, ಪ್ಯಾನ್, ಬ್ಯಾಂಕು ಈ ಮೂರು ಕಡೆಯ ಹೆಸರನ್ನು ಅಕ್ಕಪಕ್ಕ ಇಟ್ಟು ನೋಡುವುದು.

ಇನ್ನು "ನಮ್ಮದು ರೈತ ಕುಟುಂಬ, ನಮಗೆ ತೆರಿಗೆಯಿಲ್ಲ" ಎಂಬ ಮಾತು. ಕೃಷಿ ಆದಾಯಕ್ಕೆ ತೆರಿಗೆಯಿಲ್ಲ ಎಂಬುದು ನಿಜ, ಅದರಿಂದ ಸಂಬಳಕ್ಕೆ ವಿನಾಯಿತಿ ಸಿಗುವುದಿಲ್ಲ. ಜಮೀನು ನೌಕರನ ಹೆಸರಿನಲ್ಲೇ ಇದ್ದು 5,000ಕ್ಕೂ ಹೆಚ್ಚು ಕೃಷಿ ಆದಾಯವಿದ್ದರೆ, ಸಂಬಳಕ್ಕೆ ಬೀಳುವ ದರ ಲೆಕ್ಕ ಹಾಕುವಾಗ ಅದನ್ನೂ ಸೇರಿಸಿಕೊಳ್ಳುತ್ತಾರೆ. ಶಿಡ್ಲಘಟ್ಟದವರು ಇನ್ನೂ ಒಂದು ವಿಷಯ ತಿಳಿದಿರಬೇಕು. ಹಿಪ್ಪುನೇರಳೆ ಸೊಪ್ಪು ಬೆಳೆಯುವುದು ಕೃಷಿ. ಆದರೆ ಆ ಸೊಪ್ಪನ್ನು ಹುಳುವಿಗೆ ಹಾಕಿ ಗೂಡು ಮಾರಿದರೆ ಬಂದ ಹಣ ಕೃಷಿ ಆದಾಯವಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಮಾರುತ್ತಿರುವುದು ಸೊಪ್ಪನ್ನಲ್ಲ, ಗೂಡನ್ನು ಎಂಬುದು ಅದರ ತರ್ಕ. ಹಗಲಿರುಳು ಹುಳು ಮನೆಯಲ್ಲಿ ಬೆನ್ನು ಬಗ್ಗಿಸುವವರಿಗೆ ಆ ಗೆರೆ ಕಠಿಣವೆನಿಸುತ್ತದೆ, ನನಗೂ ಅನಿಸುತ್ತದೆ. ಆದರೆ ಗೂಡಿನ ಹಣವೂ ಸಂಬಳವೂ ಒಬ್ಬರ ಹೆಸರಿಗೇ ಬರುತ್ತಿದ್ದರೆ ರಿಟರ್ನ್‌ನಲ್ಲಿ ಎರಡನ್ನೂ ತೋರಿಸಬೇಕು.

ಮಾರ್ಚ್ ಮುಗಿಯುವ ಹೊತ್ತಿಗೆ ನಮ್ಮ ಹುಡುಗನಿಗೆ ಎಂಟು ತಿಂಗಳಿಗೆ 3,20,000 ಬಂದಿತ್ತು, 32,000 ಹಿಡಿದಿದ್ದರು. ಆ ವರ್ಷದ ದರದಲ್ಲಿ 7 ಲಕ್ಷದವರೆಗೆ ತೆರಿಗೆಯೇ ಇರಲಿಲ್ಲ. ಅಂದರೆ 32,000ವೂ ಅವನದೇ. ಆದರೆ ತಾನಾಗಿ ಯಾರೂ ವಾಪಸ್ ಕೊಡುವುದಿಲ್ಲ, ರಿಟರ್ನ್ ಹಾಕಿ ಕೇಳಬೇಕು. ಅವನ ಜೊತೆಗಾರರು ಸಂಬಳದವರ ಐಟಿಆರ್-1 ಹಾಕು ಎಂದಿದ್ದರು. ಅವನದು ಶುಲ್ಕವಾದ್ದರಿಂದ ಅದು ನಡೆಯುವುದಿಲ್ಲ, ವೃತ್ತಿಯ ಆದಾಯಕ್ಕಿರುವ ನಮೂನೆಯೇ ಬೇಕು. ಚಿಂತಾಮಣಿಯ ಒಬ್ಬ ಲೆಕ್ಕಿಗರ ಹತ್ತಿರ ಕೂತು ಆಗಸ್ಟ್‌ನಲ್ಲಿ ಹಾಕಿದ. ಮೊದಲ ಸಲ ಬ್ಯಾಂಕ್ ಖಾತೆ ಹೊಂದಲಿಲ್ಲ. ಪಾಸ್‌ಬುಕ್ಕಿನಲ್ಲಿ ಅಪ್ಪನ ಮೊದಲಕ್ಷರ ಮಾತ್ರ ಇತ್ತು, ಪ್ಯಾನ್‌ನಲ್ಲಿ ಪೂರ್ತಿ ಹೆಸರು. ಶಾಖೆಗೆ ಎರಡು ಸಲ ಅಲೆದು ಸರಿಮಾಡಿಸಿದ ಮೇಲೆ 32,000 ಮತ್ತು ಸ್ವಲ್ಪ ಬಡ್ಡಿ ಖಾತೆಗೆ ಬಿತ್ತು.

ಈಗ ಅವನು ಬೇರೆ ಕಡೆ ಸೇರಿದ್ದಾನೆ, ನೌಕರನಾಗಿ, ಪಿಎಫ್ ನಂಬರಿನ ಸಮೇತ. ಹಳೆಯ ಕಂಪನಿಯ 16ಎ ಮತ್ತು 26ಎಎಸ್‌ನ ಪ್ರತಿ ಅಣ್ಣನ ಬಳಿ ಇವೆ. ಟೊಮೆಟೊ ಮಂಡಿಯ ಬಿಲ್ಲುಗಳನ್ನು ದಾರ ಕಟ್ಟಿ ಇಡುವ ಟ್ರಂಕಿನಲ್ಲಿ, ಅದೇ ಕಟ್ಟಿನ ಮೇಲೆ ಇಟ್ಟಿದ್ದಾನೆ. ಕಳೆದ ಸಲ ಹೋದಾಗ ತೆಗೆದು ತೋರಿಸಿ, ಪ್ರತಿ ಸಾಲಿನ ಪಕ್ಕ ತಾನು ಪೆನ್ನಿನಲ್ಲಿ ಹಾಕಿದ ಟಿಕ್ ಗುರುತುಗಳ ಮೇಲೆ ಬೆರಳಾಡಿಸಿದ. ಎಂಟು ತಿಂಗಳು, ಎಂಟು ಗುರುತು.